ಬಲಗಾಲಿಗೊಂದು ತಗಡು

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಒಬ್ಬ ಗಂಡಸು ಬೈಕ್ ಓಡಿಸುತ್ತಾನೋ ಇಲ್ಲವೋ ಎಂದು ತಿಳಿಯಲು ಲೈಸೆನ್ಸ್ ಕೇಳಬೇಕಾಗಿಲ್ಲ. ಪಂಚೆ ಸ್ವಲ್ಪ ಮೇಲೆತ್ತಿಸಿ ಬಲಗಾಲಿನ ಮೀನಖಂಡದ ಒಳಬದಿ ನೋಡಿದರೆ ಸಾಕು. ಅಲ್ಲಿ ವೀಳ್ಯದೆಲೆಯ ಆಕಾರದ ಒಂದು ಕಂದು ಕಲೆ ಇದ್ದರೆ ಅವನು ಸವಾರ. ಎರಡಿದ್ದರೆ ಅವನಿಗೆ ಬುದ್ಧಿ ಸ್ವಲ್ಪ ಕಡಿಮೆ. ಮೂರಿದ್ದರೆ ಅವನು ನನ್ನ ಗಿರಾಕಿ.

ಆ ಕಾಲಿಗೂ ಸೈಲೆನ್ಸರಿಗೂ ನಡುವೆ ಒಂದು ತಗಡು ನಿಲ್ಲಿಸುವುದೇ ನನ್ನ ಕೆಲಸವಾಗಿತ್ತು. ನನ್ನ ಹೆಸರು ನಜೀರ್. ಹುಣಸೂರಿನ ಪೇಟೆಯಲ್ಲಿ ತಗಡಿನ ಅಂಗಡಿ. ಈಗ ಮೊಣಕಾಲು ಮುಷ್ಕರ ಹೂಡಿರುವುದರಿಂದ ಅಂಗಡಿಯನ್ನು ಐಟಿಐ ಮುಗಿಸಿದ ಹುಡುಗರಿಗೆ ಒಪ್ಪಿಸಿ ಮನೆಯಲ್ಲಿ ಕೂತಿದ್ದೇನೆ. ಅವರು ಬಂದು "ನಜೀರಣ್ಣ, ನಿಮ್ಮ ಅನುಭವದಿಂದ ಒಂದಿಷ್ಟು ಟಿಪ್ಸ್ ಬರೆದುಕೊಡಿ" ಅಂದರು. ಟಿಪ್ಸ್ ಗಿಪ್ಸ್ ನನಗೆ ಗೊತ್ತಿಲ್ಲ. ನಡೆದದ್ದನ್ನು ಬರೆಯುತ್ತೇನೆ, ಬೇಕಾದ್ದನ್ನು ಹೆಕ್ಕಿಕೊಳ್ಳಿ. ಬೇಡವಾದರೆ ಬಿಡಿ, ಮನೆಯಲ್ಲಿ ನನ್ನ ಮಾತು ಕೇಳಿಸಿಕೊಳ್ಳದವರ ಸಾಲಿಗೆ ನೀವೂ ಸೇರಿದಿರಿ ಎಂದುಕೊಳ್ಳುತ್ತೇನೆ.

ಮೊದಲು ನನ್ನ ಉಸ್ತಾದರ ವಿಷಯ ಹೇಳಬೇಕು. ದಸ್ತಗೀರ್ ಸಾಹೇಬರು ಆಗ ಅಂಗಡಿಯ ಯಜಮಾನರು, ನನಗೆ ಕೆಲಸ ಕಲಿಸಿದವರು. ನಮ್ಮಿಬ್ಬರಿಗೂ ಬೈಕಿಗೂ ಮೂಲದಲ್ಲಿ ಏನೂ ಸಂಬಂಧ ಇರಲಿಲ್ಲ. ನಮ್ಮದು ತಂಬಾಕು ಬ್ಯಾರನ್ನಿನ ಕೆಲಸ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಲದ ಅಂಚಿನಲ್ಲಿ ಎತ್ತರದ ಮಣ್ಣಿನ ಕೋಣೆಗಳು ಕಾಣುತ್ತವಲ್ಲ, ತಂಬಾಕಿನ ಎಲೆ ಬೇಯಿಸುವುದು ಅವುಗಳ ಒಳಗೆ. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ. ಅದರ ಬಿಸಿ ಹೊಗೆ ದಪ್ಪ ತಗಡಿನ ಕೊಳವೆಗಳಲ್ಲಿ ಹರಿದು ಕೋಣೆಯನ್ನು ಸುತ್ತಿ ಆಚೆ ಹೋಗುತ್ತದೆ. ಆ ಕೊಳವೆ ಮಾಡಿ ಜೋಡಿಸುವವರು ನಾವು.

ಕೊಳವೆಯ ಸಂದಿನಿಂದ ಒಂದು ಎಳೆ ಹೊಗೆ ಒಳಗೆ ನುಗ್ಗಿದರೂ ಎಲೆಗೆ ವಾಸನೆ ಹಿಡಿದು ರೈತನ ವರ್ಷದ ದುಡಿಮೆ ಕೆಡುತ್ತದೆ. ಹಾಗಾಗಿ ಉಸ್ತಾದರಿಗೆ ಸಂದು ಎಂದರೆ ಆಗದು. ತಗಡಿನ ಅಂಚು ಮಡಿಸಿ, ಮೇಲೆ ಇನ್ನೊಮ್ಮೆ ಮಡಿಸಿ, ರಿವೆಟ್ ಹೊಡೆದು, ಅದರ ಮೇಲೆ ಜೇಡಿಮಣ್ಣು ಮೆತ್ತಿಸುತ್ತಿದ್ದರು. "ಸಂದು ಬಿಟ್ಟೋನು ಮನೆ ಕೆಡಿಸ್ದ, ನೆನಪಿಟ್ಕೋ ಮಿಯಾ" ಎನ್ನುವುದು ಅವರ ದಿನದ ಪಾಠ. ಕೊಳವೆ ಕಾದಿದೆಯೋ ಇಲ್ಲವೋ ನೋಡಲು ನಮ್ಮ ಹತ್ತಿರ ಒಂದು ಉಪಕರಣವೂ ಇತ್ತು, ಎಂಜಲು. ಕೊಳವೆಯ ಮೇಲೆ ಉಗುಳಿ ಕಿವಿಗೊಡುವುದು. ಚುಂಯ್ ಎಂದರೆ ಕಾದಿದೆ. ಅಷ್ಟೇ ನಮ್ಮ ವಿಜ್ಞಾನ.

ಬ್ಯಾರನ್ನಿನ ಕೆಲಸ ವರ್ಷವಿಡೀ ಇರುವುದಿಲ್ಲ. ಉಳಿದ ತಿಂಗಳು ಬಕೆಟ್ಟಿಗೆ ತಳ ಹಾಕುತ್ತ, ಅಕ್ಕಿ ಡ್ರಮ್ಮಿಗೆ ಮುಚ್ಚಳ ಮಾಡುತ್ತ ಆಕಳಿಸುತ್ತಿದ್ದೆವು. ಊರಿನ ತುಂಬ ಬೈಕುಗಳು ಬಂದಾಗ, ಅವುಗಳ ಹಿಂದೆಯೇ ಸುಟ್ಟ ಕಾಲುಗಳೂ ಬಂದವು. ಕಂಪನಿಯವರು ಬೈಕನ್ನು ಪ್ಯಾಂಟ್ ಹಾಕಿದ ಕಾಲಿಗೆ ಮಾಡಿದ್ದರು, ನಮ್ಮವರು ಅದರ ಮೇಲೆ ಪಂಚೆ ಮಡಿಚಿ ಕಟ್ಟಿಕೊಂಡು ಹತ್ತಿದರು. ಹೆಂಗಸರ ಸೀರೆ ಚಕ್ರಕ್ಕೆ ಸಿಕ್ಕದಿರಲಿ ಎಂದು ಎಡಗಡೆ ಸೀರೆ ಗಾರ್ಡ್ ಇಟ್ಟರು. ಬಲಗಡೆಯ ಬರಿಗಾಲಿನ ಬಗ್ಗೆ ಯಾರಿಗೂ ಯೋಚನೆ ಬರಲಿಲ್ಲ. ಉಳಿದಿದ್ದ ಬ್ಯಾರನ್ ತಗಡನ್ನು ನೋಡುತ್ತ ಉಸ್ತಾದರು ಒಂದು ದಿನ, "ಹೊಗೆ ಅಂದ್ರೆ ಹೊಗೆ, ಕೊಳವೆ ಅಂದ್ರೆ ಕೊಳವೆ. ಬೈಕ್ ಬೇರೆ ಏನು?" ಅಂದರು. ಅಲ್ಲಿಂದ ಶುರು.

ಶುರುವಿನ ಕೆಲಸಗಳನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಬೈಲಕುಪ್ಪೆಯಿಂದ ಒಬ್ಬ ಲಾಮಾ ಬಂದಿದ್ದರು. ಅವರ ಕಾಲಿಗೆ ಏನೂ ಆಗಿರಲಿಲ್ಲ, ಕೆಂಪು ನಿಲುವಂಗಿಯ ಅಂಚು ಮಾತ್ರ ಸೈಲೆನ್ಸರಿಗೆ ತಗುಲಿ ಇಲಿ ಕಚ್ಚಿದ ಹಾಗೆ ತೂತು ತೂತಾಗಿತ್ತು. ಉಸ್ತಾದರಿಗೆ ಗೌರವ ಜಾಸ್ತಿಯಾಗಿ ಮೊರದಗಲದ ತಗಡು ಬಡಿದು ಕೂರಿಸಿದರು. ಲಾಮಾ ಹತ್ತಿ ಕಿಕ್ ಹೊಡೆಯಲು ಹೋದರೆ ಕಿಕ್ಕರ್ ತಗಡಿಗೆ ಬಡಿದು ಠಣ್ ಎಂದಿತು. ಇನ್ನೊಮ್ಮೆ ಹೊಡೆದರು, ಠಣ್. ಮೂರನೆಯ ಠಣ್ಣಿಗೆ ಅವರಿಗೆ ನಗು ತಡೆಯಲಾಗಲಿಲ್ಲ. "ಇದು ನಮ್ಮ ಮಠದ ಗಂಟೆ ಆಯ್ತು, ಗಾಡಿ ಆಗಲಿಲ್ಲ" ಎಂದು ಚೆಂದದ ಕನ್ನಡದಲ್ಲಿ ಹೇಳಿದರು. ಉಸ್ತಾದರು ಅರ್ಧ ತಗಡು ಕತ್ತರಿಸಿ ಕಳಿಸಿಕೊಟ್ಟರು.

ಎಚ್.ಡಿ. ಕೋಟೆ ದಾಟಿ ಕೇರಳದ ಗಡಿಗೆ ಹತ್ತಿರ ಎನ್. ಬೇಗೂರು. ಅಲ್ಲಿಂದ ಬಂದವನೊಬ್ಬ ನಮಗಿಂತ ಬುದ್ಧಿವಂತ. ಸೈಲೆನ್ಸರಿಗೆ ತಾನೇ ತೆಂಗಿನ ನಾರಿನ ಹಗ್ಗ ಸುತ್ತಿ, ನೀರು ಹನಿಸಿಕೊಂಡು ಹೊರಟಿದ್ದ. ನೀರು ಇರುವವರೆಗೆ ಸುಖ. ಆರಿದ ಮೇಲೆ ಹಗ್ಗ ಹೊಗೆಯಾಡತೊಡಗಿತು. ಮುಂಜಾನೆಯ ಕಾಡಿನ ದಾರಿ, ಇವನು ಮಂಜು ಎಂದುಕೊಂಡು ಲೈಟ್ ಹಾಕಿಕೊಂಡು ಬಂದನಂತೆ. "ಮಂಜು ನನ್ನ ಹಿಂದೇನೇ ಬತ್ತಾ ಐತಲ್ಲ ಅಂತ ಅನುಮಾನ ಬಂತು ಕಣ್ರೀ" ಎಂದು ಅವನೇ ಹೇಳಿದ. ಅವನ ಸೀಟಿನ ಅಂಚೂ ಕರಗಿತ್ತು.

ಹೀಗೆ ನಾವು ಕಲಿಯುತ್ತ, ಗಿರಾಕಿಗಳು ಸುಟ್ಟುಕೊಳ್ಳುತ್ತ ಇದ್ದ ಕಾಲದಲ್ಲಿ ತಮ್ಮೇಗೌಡರು ಬಂದರು. ನಾನು ಬರೆಯಲು ಕೂತದ್ದೇ ಅವರಿಗಾಗಿ.

ತಮ್ಮೇಗೌಡರದು ಕೆ.ಆರ್. ನಗರದ ಕಡೆ, ಮಿರ್ಲೆಯ ಹತ್ತಿರದ ಊರು. ಕಾಲುವೆ ನೀರಿನ ಗದ್ದೆ ಇತ್ತು, ಆದರೆ ಅದನ್ನು ನೋಡಿಕೊಳ್ಳುತ್ತಿದ್ದವರು ಹೆಂಡತಿ ಚಿಕ್ಕತಾಯಮ್ಮ. ಗೌಡರ ಕಸುಬು ಮದುವೆ ಕುದುರಿಸುವುದು. ಕೆ.ಆರ್. ನಗರದ ಹುಡುಗಿಗೆ ಪಿರಿಯಾಪಟ್ಟಣದ ಗಂಡು, ಹುಣಸೂರಿನ ಗಂಡಿಗೆ ಎಚ್.ಡಿ. ಕೋಟೆಯ ಹುಡುಗಿ, ಹೀಗೆ ನಾಲ್ಕೂ ತಾಲ್ಲೂಕಿಗೆ. ಬಿಳಿ ಪಂಚೆ, ಬಿಳಿ ಅಂಗಿ, ಎಡಗಡೆ ಹ್ಯಾಂಡಲಿಗೆ ಜಾತಕದ ಚೀಲ. ದಾರಿಯಲ್ಲಿ ಗುರುತಿನವರು ಕಂಡರೆ ಮಾತಾಡಿಸದೆ ಮುಂದೆ ಹೋದ ಮನುಷ್ಯನೇ ಅಲ್ಲ. ಎಡಗಡೆ ಚೀಲ ತೂಗುತ್ತಿದ್ದುದರಿಂದ ಅವರು ಬೈಕ್ ನಿಲ್ಲಿಸಿದರೆ ಊರುತ್ತಿದ್ದುದು ಬಲಗಾಲನ್ನು. ಎಂಜಿನ್ ಗುರುಗುಟ್ಟುತ್ತಲೇ ಇರುತ್ತಿತ್ತು, ಕಾಲು ಸೈಲೆನ್ಸರಿಗೆ ಒರಗಿರುತ್ತಿತ್ತು, ಗೌಡರ ಬಾಯಿ ಎರಡು ಮನೆತನವನ್ನು ಜೋಡಿಸುತ್ತಿರುತ್ತಿತ್ತು.

ಅವರು ನಮ್ಮಲ್ಲಿಗೆ ಬಂದಾಗ ಹೇಳಿದ ಕಾರಣ ಪಂಚೆ. "ಪಂಚೆ ಕಮಟೋಯ್ತದೆ ಕಣಪ್ಪ. ಎಣ್ಣಿನ ಮನೆಗೆ ಸುಟ್ಟ ಪಂಚೆ ಉಟ್ಕೊಂಡೋದ್ರೆ ಏನಂದ್ಕೊಂಡಾರು?"

ಉಸ್ತಾದರು ಆ ಸಲ ತಮ್ಮ ವಿದ್ಯೆಯನ್ನೆಲ್ಲ ಸುರಿದರು. ಸೈಲೆನ್ಸರಿನ ಮೇಲೆ ತಗಡಿನ ಕವಚ ಕೂರಿಸಿ, ಸುತ್ತಲೂ ಅಂಚು ಮಡಿಸಿ, ರಿವೆಟ್ ಹೊಡೆದು, ಇರುವೆ ಕೂಡ ನುಗ್ಗದ ಹಾಗೆ ಮುಚ್ಚಿದರು. ನೋಡಲು ಬಹಳ ಚೆನ್ನಾಗಿತ್ತು. ಗೌಡರು ಲಕ್ಷ್ಮಣತೀರ್ಥದ ಸೇತುವೆಯವರೆಗೆ ಓಡಿಸಿಕೊಂಡು ಬಂದು, ಬಲಗಾಲನ್ನು ಕವಚಕ್ಕೆ ಒತ್ತಿ ನಿಂತರು.

"ಹೆಂಗಿದೆ ಗೌಡ್ರೇ?" ಎಂದು ಉಸ್ತಾದರು ಕೇಳಿದರು.

"ಬಾವಿ ನೀರಂಗೆ ತಣ್ಣಗೈತೆ!"

ನಾನು ಅಭ್ಯಾಸಬಲದಿಂದ ಉಗುಳಿ ನೋಡಲು ಬಗ್ಗಿದೆ. ಉಸ್ತಾದರು ಕೈ ಹಿಡಿದು ತಡೆದರು. "ಅರೇ ಮಿಯಾ, ಜೀವ ಇರೋ ಕಾಲೇ ತಣ್ಣಗಿದೆ ಅಂತಾ ಇದೆ, ನಿನ್ನ ಎಂಜಲು ಯಾಕೆ ಬೇಕು?" ನ್ಯಾಯವಾದ ಮಾತು. ಎಂಜಲು ನುಂಗಿಕೊಂಡೆ.

ಮದುವೆ ದಲ್ಲಾಳಿ ಒಂದು ವಸ್ತುವನ್ನು ಹೊಗಳಿದರೆ ಹೇಗಿರುತ್ತದೆ ಎಂದು ನಿಮಗೆ ಗೊತ್ತಿರಬೇಕು. ಕಪ್ಪಗಿದ್ದ ಹುಡುಗನನ್ನು ಎಣ್ಣೆಗೆಂಪು ಎಂದು, ಕೆಲಸವಿಲ್ಲದವನನ್ನು ಸ್ವಂತ ಬಿಸಿನೆಸ್ ಎಂದು ಹೇಳಿ ಪಳಗಿದ ನಾಲಿಗೆ ಅದು. ಅದೇ ನಾಲಿಗೆ ಈಗ ನಮ್ಮ ತಗಡಿನ ಗುಣಗಾನಕ್ಕೆ ನಿಂತಿತು. ಹೋದ ಮನೆಯಲ್ಲೆಲ್ಲ ಪಂಚೆ ಎತ್ತಿ, ಕಾಲನ್ನು ಕವಚಕ್ಕೆ ಒತ್ತಿ ತೋರಿಸುತ್ತಿದ್ದರಂತೆ. ನಮ್ಮ ಅಂಗಡಿಯ ಮುಂದೆ ಬೈಕುಗಳು ಸಾಲುಗಟ್ಟಿದವು. ಉಸ್ತಾದರು ಹೊಸ ಟೋಪಿ ಕೊಂಡರು.

ಒಂದೆರಡು ವಾರ ಕಳೆದಿರಬೇಕು, ಅದೇ ಬೈಕುಗಳು ವಾಪಸ್ ಬರಲು ಶುರುವಾದವು. ಇಳಿದವರೆಲ್ಲ ಬಲಗಾಲು ಎಳೆಯುತ್ತಿದ್ದರು.

"ಇದೇನ್ ಸಾಬ್ರೇ, ಸೈಲೆನ್ಸರ್ ಆದ್ರೆ ಒಂದ್ ಕಡೆ ಸುಡ್ತಿತ್ತು, ಇದು ಅಗಲಕ್ಕೂ ಸುಡ್ತದೆ!" ಎಂದು ಒಬ್ಬ ಕೂಗಿದ. ಇನ್ನೊಬ್ಬನಿಗೆ ಎರಡು ದಿನದಲ್ಲಿ ಮದುವೆ. ಧಾರೆಯ ಮಣೆ ಮೇಲೆ ಕಾಲು ಮಡಿಚಿ ಕೂರುವುದು ಹೇಗೆ ಎಂಬ ಚಿಂತೆಯಲ್ಲಿ ಅವನು ಅಳುವುದೊಂದು ಬಾಕಿ. ಆ ಸಂಬಂಧ ಕುದುರಿಸಿದ್ದೂ ತಮ್ಮೇಗೌಡರೇ, ಕವಚ ಹಾಕಿಸಿಕೊ ಎಂದವರೂ ಅವರೇ.

ಉಸ್ತಾದರು ಸೋಲುವ ಜಾತಿಯಲ್ಲ. "ನಿಮ್ಮ ಚರ್ಮ ನಾಜೂಕು. ತಮ್ಮೇಗೌಡ್ರು ನಿಮ್ಮ ದುಪ್ಪಟ್ಟು ವಯಸ್ಸು, ಅವರಿಗೆ ತಣ್ಣಗಿದೆ. ನಿಮಗೇನು ರೋಗ?" ಎಂದು ಅವರ ಮೇಲೆಯೇ ತಿರುಗಿಬಿದ್ದರು. ಮದುಮಗನಿಗೆ ಸುಟ್ಟ ಗಾಯದ ಮುಲಾಮು ಕೊಡಿಸಿ ಕಳಿಸಿದವನು ನಾನು. ಜಗಳ ಮುಗಿದು ಕವಚ ಮುಟ್ಟಿ ನೋಡುವಷ್ಟರಲ್ಲಿ ಎಂಜಿನ್ ಆರಿ ತಣ್ಣಗಾಗಿರುತ್ತಿತ್ತು. ಎಲ್ಲರಿಗೂ ಸುಡುವುದು ಒಬ್ಬರಿಗೆ ಮಾತ್ರ ತಂಪಾಗಿರುವುದು ಹೇಗೆ ಎಂದು ನನಗೆ ತಲೆ ಕೆಟ್ಟುಹೋಯಿತು.

ಉತ್ತರ ಹೊತ್ತುಕೊಂಡು ಬಂದವರು ಗೌಡರ ಹೆಂಡತಿ ಚಿಕ್ಕತಾಯಮ್ಮ. ಬಸ್ಸಿಳಿದು ಅಂಗಡಿ ಹುಡುಕಿಕೊಂಡು ಬಂದರು. ಸಣ್ಣ ಆಳು, ಬಿಸಿಲಿಗೆ ಕಂದಿದ ಮುಖ. ಬೈಕಿನ ಕೀ ಅವರ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿತ್ತು.

"ಆ ತಗಡು ಮಾಡ್ದೋರು ಯಾರು?"

ಉಸ್ತಾದರು ನನ್ನ ಕಡೆ ನೋಡಿದರು. ನಾನು ಉಸ್ತಾದರ ಕಡೆ ನೋಡಿದೆ.

"ಅದು ತಣ್ಣಗೈತೆ ಅಂತ ಯೋಳ್ದೋರು ಯಾರು?"

"ಗೌಡ್ರೇ ಹೇಳಿದ್ರು ತಾಯಿ" ಅಂದೆ.

ಆಕೆ ಜಗುಲಿಯ ಮೇಲೆ ಕೂತರು. "ಅವರ್ಗೆ ಸಕ್ಕರೆ ಕಾಯ್ಲೆ ಕಣಣ್ಣ. ಕಾಲ್ಗೆ ಮುಳ್ಳು ಚುಚ್ಚುದ್ರೂ ಗೊತ್ತಾಗಕಿಲ್ಲ. ಮನೇಲಿ ಚಪ್ಪಲಿ ಕಳಚೋಗಿದ್ರೂ ಬರಿಗಾಲಲ್ಲೇ ಓಡಾಡ್ತಾರೆ, ಐತೆ ಅಂತಲೇ ಅಂದ್ಕೊಂಡಿರ್ತಾರೆ."

ಊಟಕ್ಕೆ ಕೂತಾಗ ಪಂಚೆ ಸರಿದು ಗಂಡನ ಮೀನಖಂಡದ ಮೇಲೆ ಅಂಗೈಯಗಲದ ಗಾಯ ಆಕೆಗೆ ಕಂಡಿತ್ತು. ಗೌಡರಿಗೆ ಅದು ಇದೆಯೆಂದೇ ಗೊತ್ತಿರಲಿಲ್ಲ. ಮೈಸೂರಿನ ಡಾಕ್ಟರು ಚೊಕ್ಕಮಾಡಿ ಕಟ್ಟು ಹಾಕಿ, ಇನ್ನೊಂದು ಸಲ ಹೀಗೆ ಸುಟ್ಟರೆ ಕಾಲು ಉಳಿಸುವುದು ನಮ್ಮ ಕೈಲಿಲ್ಲ ಎಂದು ಬಿಡಿಸಿ ಹೇಳಿ ಕಳಿಸಿದ್ದರು.

ನಾಲ್ಕು ತಾಲ್ಲೂಕಿಗೆ ನಾವು ಮಾರಿದ ತಗಡಿಗೆ ಸರ್ಟಿಫಿಕೇಟ್ ಕೊಟ್ಟಿದ್ದು ಬಿಸಿಯೇ ತಿಳಿಯದ ಕಾಲು! ಉಸ್ತಾದರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಬೈಗುಳಕ್ಕೆ ನಾವಿಬ್ಬರೂ ತಲೆ ತಗ್ಗಿಸಿ ಸಿದ್ಧರಾದೆವು. ಆಕೆ ಬೈಯಲಿಲ್ಲ.

"ಬೈಕ್ ಕಿತ್ಕೊಂಡಿವ್ನಿ. ಮನೇಲಿ ಕುಂತವ್ರೆ. ಮಾತಾಡಕ್ಕೆ ಜನ ಇಲ್ದೆ ಎಮ್ಮೆ ಕೂಡೆ ಮಾತಾಡ್ತವ್ರೆ. ಊಟ ಸೇರ್ತಾ ಇಲ್ಲ. ಈಂಗೇ ಬುಟ್ರೆ ಸೊರಗೋಯ್ತಾರೆ, ಬೈಕ್ ಕೊಟ್ರೆ ಕಾಲೋಯ್ತದೆ. ನಿಜವಾಗ್ಲೂ ತಣ್ಣಗಿರೋ ಅಂಥದು ಮಾಡಕ್ಕಾಯ್ತದಾ, ಆಗಕಿಲ್ವಾ? ಆಗಕಿಲ್ಲ ಅಂದ್ರೆ ಇವತ್ತೇ ಗಾಡಿ ಮಾರ್ಬುಡ್ತೀನಿ."

ಪ್ಯಾಂಟ್ ಹಾಕಿಸಿ ಎಂದೆ. ಆಕೆಗೆ ಅಷ್ಟು ದುಃಖದಲ್ಲೂ ನಗು ಬಂತು. "ಯೋಳ್ದೆ. ಪ್ಯಾಂಟ್ ಹಾಕ್ಕೊಂಡೋದ್ರೆ ಬ್ಯಾಂಕ್‌ನೋರು ಬಂದವ್ರೆ ಅಂತ ಬಾಗ್ಲಾಕ್ಕೋತಾರೆ ಅಂತಾರೆ. ಬಟ್ಟೆ ಇದ್ರೂ ಒತ್ಕೊಂಡೇ ಇದ್ರೆ ಸುಡ್ತದೆ ಅಂತ ಡಾಕ್ಟ್ರೂ ಅಂದ್ರು." ಸ್ಕೂಟರ್ ಎಂದೆ. ಕಾಲುವೆ ಏರಿಯ ಮೇಲೆ ಅದರ ಪುಟ್ಟ ಚಕ್ರ ನಿಲ್ಲುವುದಿಲ್ಲವಂತೆ. ನನ್ನ ಹತ್ತಿರ ಬೇರೆ ದಾರಿ ಇರಲಿಲ್ಲ. "ಮಾಡ್ತೀವಿ ತಾಯಿ, ಗಾಯ ಮಾಗಲಿ, ಅಷ್ಟರಲ್ಲಿ ಮಾಡ್ತೀವಿ" ಎಂದುಬಿಟ್ಟೆ. ಹೇಗೆ ಎಂದು ನನಗೂ ಗೊತ್ತಿರಲಿಲ್ಲ.

ನನಗೆ ದಾರಿ ಹೊಳೆದದ್ದು ಪಿರಿಯಾಪಟ್ಟಣದ ಕಡೆ ಒಂದು ಹಳೆಯ ಬ್ಯಾರನ್ನಿನ ಕೊಳವೆ ರಿಪೇರಿಗೆ ಹೋದಾಗ. ಒಳಗೆ ಮಲಗಿ ಸಂದಿಗೆ ಮಣ್ಣು ಮೆತ್ತುತ್ತಿದ್ದೆ. ಗೋಡೆಯ ಬುಡದ ಕಿಂಡಿಯಿಂದ ತಣ್ಣನೆಯ ಗಾಳಿ ಕೆನ್ನೆಗೆ ಬಡಿಯಿತು. ಮೇಲೆ ನೋಡಿದರೆ ಚಾವಣಿಯ ಕಿಂಡಿ. ಬುಡದಿಂದ ಬಂದ ಗಾಳಿ ಕಾದು ಮೇಲಿನಿಂದ ಹೋಗುತ್ತದೆ, ಇಲ್ಲದಿದ್ದರೆ ಕೋಣೆಯಲ್ಲಿ ಎಲೆ ಬೆಂದು ಕೊಳೆತುಹೋಗುತ್ತದೆ. ಇದನ್ನು ಆ ಕಡೆಯ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ನಾವು ಕೊಳವೆಯವರು, ನಮಗೆ ಕೊಳವೆಯೇ ಲೋಕವಾಗಿತ್ತು. ಕವಚಕ್ಕೂ ಹೊಗೆಗೂ ಸಂಬಂಧವೇ ಇಲ್ಲ, ಹೊಗೆ ಸೈಲೆನ್ಸರಿನ ಒಳಗಿದೆ. ಮತ್ತೆ ಯಾಕೆ ಅದನ್ನು ಮುಚ್ಚಿದೆವು?

ಅಂಗಡಿಗೆ ಬಂದು, "ಉಸ್ತಾದ್, ಕೊಳವೆಗೆ ಸಂದು ಇರಬಾರದು ನಿಜ. ಬ್ಯಾರನ್ನಿಗೆ ಕಿಂಡಿ ಬೇಕಲ್ಲ? ಕವಚ ಕೊಳವೆ ಅಲ್ಲ, ಬ್ಯಾರನ್ನು" ಅಂದೆ.

ಉಸ್ತಾದರು ಚಹಾ ತಟ್ಟೆಗೆ ಸುರಿದುಕೊಂಡು ಪೂರ್ತಿ ಕುಡಿದರು. ಮೀಸೆ ಒರೆಸಿಕೊಂಡರು. ಆಮೇಲೆ, "ಅದು ನನಗೆ ಗೊತ್ತಿತ್ತು. ನೀನು ಯಾವಾಗ ಕಂಡುಹಿಡೀತೀಯೋ ಅಂತ ಕಾಯ್ತಾ ಇದ್ದೆ" ಅಂದರು. ದೊಡ್ಡವರ ಜೊತೆ ಕೆಲಸ ಮಾಡುವವರು ಇಂಥ ಮಾತಿಗೆ ಹೌದು ಎನ್ನುವುದನ್ನು ಕಲಿಯಬೇಕು. ನಾನು ಹೌದು ಅಂದೆ. ಕತ್ತರಿಯನ್ನು ಅವರೇ ಕೈಗೆತ್ತಿಕೊಂಡರು. ಜೀವಮಾನದಲ್ಲಿ ಮೊದಲ ಸಲ ಆ ಮನುಷ್ಯ ಬೇಕೆಂದೇ ಸಂದು ಬಿಡುತ್ತಿದ್ದುದನ್ನು ನಾನು ನೋಡಿದೆ. ಪ್ರತಿ ಕಿಂಡಿಗೂ ಒಂದು ನಿಟ್ಟುಸಿರು.

ಹೊಸ ಕವಚ ಸ್ಟೀಲ್ ತಗಡಿನದು. ಸೈಲೆನ್ಸರಿಗೆ ಅಂಟದ ಹಾಗೆ ಬೆರಳು ತೂರುವಷ್ಟು ದೂರ. ಕೆಳಗೂ ಮೇಲೂ ತೆರೆದದ್ದು. ಗಾಯ ಮಾಗಿದ ಮೇಲೆ ಗೌಡರೂ ಚಿಕ್ಕತಾಯಮ್ಮನೂ ಬೈಕನ್ನು ಟೆಂಪೋದಲ್ಲಿ ಹೇರಿಸಿಕೊಂಡು ಬಂದರು. ಗೌಡರು ಬಡವಾಗಿದ್ದರು. ಆದರೂ ಇಳಿದ ಕೂಡಲೇ ಪಕ್ಕದ ಹೋಟೆಲಿನವನಿಗೆ ಮಗಳಿದ್ದಾಳಾ ಎಂದು ವಿಚಾರಿಸಿದರು.

ಕವಚ ಕೂರಿಸಿ, ಚಿಕ್ಕತಾಯಮ್ಮನಿಂದ ಕೀ ಇಸಿದುಕೊಂಡು ಎಂಜಿನ್ ಓಡಿಸಿ ಚೆನ್ನಾಗಿ ಕಾಯಿಸಿದೆವು. ಆರಿಸಿದ ಕೂಡಲೇ ಕೀ ಮತ್ತೆ ಸೆರಗು ಸೇರಿತು. ಈಗ ಬಂತು ಪರೀಕ್ಷೆ. ಉಗುಳಿ ನೋಡಿದೆ, ಚುಂಯ್ ಎನ್ನಲಿಲ್ಲ. ಆದರೆ ಎಂಜಲು ಚುಂಯ್ ಎನ್ನಲು ನೀರು ಕುದಿಯುವಷ್ಟು ಬಿಸಿ ಬೇಕು. ಒರಗಿಕೊಂಡೇ ಇರುವ ಕಾಲು ಸುಡಲು ಅಷ್ಟೆಲ್ಲ ಬೇಡ. ಬಿಸಿ ತಿಳಿಯುವ ಚರ್ಮವೇ ಆಗಬೇಕು.

"ತಣ್ಣಗೈತೆ!" ಎಂದು ಗೌಡರು ಆಗಲೇ ಕಾಲು ಚಾಚಿದ್ದರು.

"ನೀವ್ ಸುಮ್ಕಿರಿ" ಎಂದು ಅವರನ್ನು ಆಚೆ ಸರಿಸಿ, ಚಿಕ್ಕತಾಯಮ್ಮ ಅಂಗೈಯನ್ನು ಕವಚದ ಮೇಲಿಟ್ಟರು. ಮೇಲಕ್ಕೂ ಕೆಳಕ್ಕೂ ಸವರಿದರು. "ಏನೂ ಇಲ್ಲ ಕಣಣ್ಣ, ಬೆಚ್ಚಗೈತೆ ಅಷ್ಟೇಯ."

ನಾನೂ ಕೈಯಿಟ್ಟೆ, ಬೆಚ್ಚಗಿತ್ತು. ಉಸ್ತಾದರೂ ಇಟ್ಟರು, ಬೆಚ್ಚಗಿತ್ತು. ಎಲ್ಲರ ಮುಖದಲ್ಲೂ ಕಳೆ ಬಂತು. ಸಂಭ್ರಮದಲ್ಲಿ ಏಳುವಾಗ ನನ್ನ ಮುಂಗೈಯ ಒಳಭಾಗ ಅದಕ್ಕೆ ತಗುಲಿತು ನೋಡಿ, ಅಯ್ಯೋ ಎಂದು ಕಿರುಚಿಕೊಂಡೆ.

ನನ್ನ ಮತ್ತು ಉಸ್ತಾದರ ಅಂಗೈ ಬ್ಯಾರನ್ ತಗಡಿನಲ್ಲಿ ಬೆಂದು ಚಪ್ಪಲಿಯ ಅಟ್ಟೆಯಂತಾಗಿತ್ತು. ಚಿಕ್ಕತಾಯಮ್ಮನ ಅಂಗೈ ಒಲೆ ಮೇಲಿನಿಂದ ಇಳಿಸಿದ ಮುದ್ದೆಯನ್ನು ಮೂವತ್ತು ನಲವತ್ತು ವರ್ಷದಿಂದ ದಿನಾ ಉಂಡೆ ಕಟ್ಟಿದ್ದು. ಗೌಡರ ಕಾಲಿನ ಕಥೆ ಆಗಲೇ ಹೇಳಿದೆ. ಅಂಗಡಿಯಲ್ಲಿ ನಾಲ್ಕು ಜನ ಇದ್ದೆವು, ನಂಬಬಹುದಾದ ಚರ್ಮ ಒಂದೂ ಇರಲಿಲ್ಲ. ಕೆಲಸಕ್ಕೆ ಬರುವ ಹುಡುಗರು ಇದನ್ನು ಗಮನಿಸಿ: ನುರಿತ ಕೈ ಎಂದು ಜನ ಹೊಗಳುವುದು ಕೆಲವು ವಿಷಯಕ್ಕೆ ಕೆಟ್ಟುಹೋದ ಕೈಯನ್ನೇ. ನನ್ನ ಮುಂಗೈ ಒಂದು ಸಲ ತಗುಲಿಸಿ ತೆಗೆಯಲು ಸರಿ, ಸುಟ್ಟದ್ದು ಯಾವ ಜಾಗ ಎಂದೂ ಅದರಿಂದ ತಿಳಿಯಲಿಲ್ಲ. ಕಾಲು ಒರಗಿಕೊಂಡು, ಗಾಡಿ ಓಡಿ, ನಿಂತು, ಮತ್ತೆ ಓಡಿದರೆ ಏನಾಗುತ್ತದೆ ಎಂದು ಅದು ಹೇಗೆ ಹೇಳೀತು?

ಚಿಕ್ಕತಾಯಮ್ಮ ಬೈಕಿನ ಬಲಗಡೆಗೆ ಬಂದರು. "ನನ್ ಮೀನಖಂಡ ಬಿಸ್ಲೇ ಕಂಡಿಲ್ಲ. ಅದ್ಕೆ ಎಲ್ಲಾ ಗೊತ್ತಾಯ್ತದೆ" ಅಂದರು.

ನಮಗೆ ಅರ್ಥವಾಗಲಿಲ್ಲ. ನಮ್ಮ ಕಡೆ ಆ ವಯಸ್ಸಿನ ಹೆಂಗಸರು ಬೈಕಿನಲ್ಲಿ ಕೂರುವುದು ಒಂದೇ ರೀತಿ, ಎರಡು ಕಾಲೂ ಎಡಕ್ಕೆ. ಅದಕ್ಕೇ ಗಂಡನ ಹಿಂದೆ ಜೀವಮಾನವೆಲ್ಲ ಕೂತರೂ ಸೈಲೆನ್ಸರಿನ ಬಿಸಿ ಏನೆಂದು ಅವರಿಗೆ ಗೊತ್ತಿರುವುದಿಲ್ಲ.

"ಗಂಡುಸ್ರಂಗೆ ಕುಂತ್ಕೋತೀನಿ. ಬಲಗಾಲು ಈ ತಗಡಿಗೆ ಅಂಟ್ಕೊಂಡಿರ್ತದೆ. ಬಿಸಿ ಆದ್ರೆ ನಂಗೆ ತಿಳೀತದೆ."

ಗೌಡರು ಬಾಯಿ ಬಿಟ್ಟರು. "ಏ, ಪ್ಯಾಟೇಲಿ ಅಂಗೆಲ್ಲ... ಜನ ಏನಂದಾರು?"

"ನಾಟಿ ಮಾಡುವಾಗ ಸೀರೆ ಎತ್ತಿ ಕಟ್ಟಕಿಲ್ವಾ? ಅಂಗೇಯ. ಗದ್ದೇಲಿ ಕಾಣ್ದೇ ಇರೋ ಜನ ಇಲ್ಲೇನ್ ಕಾಣೋದು?" ಸೀರೆಯ ನೆರಿಗೆ ಹಿಂದಕ್ಕೆ ಎಳೆದು ಕಚ್ಚೆಯಂತೆ ಸಿಕ್ಕಿಸಿಕೊಂಡೇಬಿಟ್ಟರು. ಉಸ್ತಾದರು ಮರ್ಯಾದೆಗೆ ಗೋಡೆಯ ಕಡೆ ತಿರುಗಿ ನಿಂತು, ಅಲ್ಲಿ ಇಲ್ಲದ ಕ್ಯಾಲೆಂಡರ್ ನೋಡತೊಡಗಿದರು. ಹೋಟೆಲಿನವನು ಲೋಟದಾಚೆ ಚಹಾ ಸುರಿದ. ಆಕೆ ಸೆರಗಿನ ಗಂಟು ಬಿಚ್ಚಿ ಕೀ ಕೊಟ್ಟು, ಗೌಡರ ಬಲಗಾಲಿಗೆ ಗೋಣಿಯ ದಪ್ಪ ಪಟ್ಟಿ ಸುತ್ತಿಸಿ, ಕಾಲೆತ್ತಿ ಹತ್ತಿ ಕೂತರು. ಎಚ್.ಡಿ. ಕೋಟೆಯ ರಸ್ತೆ ಹಿಡಿದು ಹೋದರು.

ಹಿಂತಿರುಗುವವರೆಗೆ ನನಗೂ ಉಸ್ತಾದರಿಗೂ ಒಂದೇ ಕೆಲಸ. ಹೊರಗೆ ಬಂದು ರಸ್ತೆ ನೋಡುವುದು, ಒಳಗೆ ಹೋಗುವುದು.

ಬೈಕ್ ಬಂದು ನಿಂತಿತು. ಚಿಕ್ಕತಾಯಮ್ಮ ಇಳಿದು, "ಹೋಗ್ತಾ ಏನಿಲ್ಲ. ಬೈಕ್ ನಿಲ್ಸಿ ಇವ್ರು ಮಾತ್ಗೆ ನಿಂತ್ರಲ್ಲ, ಅವಾಗ ಈ ಬೋಲ್ಟ್ ಇರೋ ಕಡೆ ಏರ್ತದೆ" ಎಂದು ಬೆರಳಿಟ್ಟು ತೋರಿಸಿದರು. ಸಂತೆಯ ಲೆಕ್ಕ ಒಪ್ಪಿಸುವಷ್ಟು ಸಲೀಸಾಗಿ ಹೇಳಿದರು. ಸೀರೆ ಇಳಿಸಿಕೊಳ್ಳುವ ಮೊದಲೇ ಗೌಡರ ಕಣ್ಣು ಆಕೆಯ ಕಾಲಿನ ಮೇಲೆ ಬಿತ್ತು. ಮೀನಖಂಡದ ಒಳಬದಿ ಕೆಂಪಗೆ, ನಾಣ್ಯದಗಲ ಬೊಬ್ಬೆ ಎದ್ದಿತ್ತು.

"ಇದೇನೇ ಇದು! ಬಿಸಿ ಆದಾಗ ಕಾಲು ತೆಗೀಬಾರ್ದಾಗಿತ್ತಾ?"

"ತೆಗುದ್ರೆ ಎಷ್ಟು ಏರ್ತದೆ ಅಂತ ಎಂಗೆ ಗೊತ್ತಾಗದು? ನಿಮ್ ಕಾಲು ತೆಗೀತದಾ?"

ತಮ್ಮ ಕಾಲಿನ ಗಾಯಕ್ಕೆ ಒಂದು ಹನಿ ಕಣ್ಣೀರೂ ಹಾಕದ ತಮ್ಮೇಗೌಡರು ಜಗುಲಿಯ ಅಂಚಿಗೆ ಕುಸಿದು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಕೀಯನ್ನು ಆಕೆಯ ಕಡೆ ಚಾಚಿ, "ಬ್ಯಾಡ ಬುಡು. ಮಾರ್ಬುಡನ. ನಂಗೆ ಈ ಬೈಕೂ ಬ್ಯಾಡ, ಈ ಕಸುಬೂ ಬ್ಯಾಡ" ಅಂದರು. ನನಗೆ ನಾಚಿಕೆಯಾಯಿತು. ಆ ಬೊಬ್ಬೆ ನಮ್ಮ ತಗಡಿನದು.

ಚಿಕ್ಕತಾಯಮ್ಮ ಕೀ ತೆಗೆದುಕೊಂಡು ಮತ್ತೆ ಸೆರಗಿಗೆ ಗಂಟು ಹಾಕಿದರು. "ಸುಮ್ಕಿರಿ. ಮಿಕ್ಕಿದ್ದೆಲ್ಲ ತಣ್ಣಗೈತೆ, ಇದೊಂದು ಜಾಗ ಅಷ್ಟೇಯ. ನಜೀರಣ್ಣ, ಈ ಬೋಲ್ಟ್ ಬ್ಯಾರೆ ಕಡೆ ಹಾಕಕ್ಕಾಗಕಿಲ್ವಾ?"

ಆಗುತ್ತಿತ್ತು. ಕವಚವನ್ನು ಸೈಲೆನ್ಸರಿಗೆ ಹಿಡಿದಿದ್ದ ಪಟ್ಟಿ ಸರಿಯಾಗಿ ಕಾಲು ಒರಗುವ ಜಾಗದಲ್ಲೇ ಇತ್ತು. ಗಾಳಿಗೆ ದಾರಿ ಬಿಟ್ಟ ನಾವು, ಬಿಸಿಗೆ ನಡೆದು ಬರಲು ಕಬ್ಬಿಣದ ಸೇತುವೆಯನ್ನೂ ಕಟ್ಟಿಕೊಟ್ಟಿದ್ದೆವು. ಉಸ್ತಾದರು ಗೋಡೆ ಬಿಟ್ಟು ಬಂದು ನೆಲಕ್ಕೆ ಕೂತರು. ಪಟ್ಟಿಗಳನ್ನು ಕವಚದ ಎರಡು ತುದಿಗೆ, ಕಾಲು ತಲುಪದ ಕಡೆಗೆ ಒಯ್ದೆವು. ನಡುವೆ ಶಾಖ ದಾಟದ ಬಿಲ್ಲೆಗಳನ್ನು ಕೊಟ್ಟೆವು. ಅಂತರ ಇನ್ನಷ್ಟು ಹೆಚ್ಚಿಸಿದೆವು. ಆ ಹೊತ್ತಿನಲ್ಲಿ ಉಸ್ತಾದರು ನನ್ನನ್ನು ಒಂದು ಸಲವೂ ಗದರಲಿಲ್ಲ. ಕೊನೆಯ ಬೋಲ್ಟ್ ಬಿಗಿದು, "ಈಗ ತಪ್ಪಾಗಿದ್ರೆ ಆ ತಾಯಿಗೆ ಮುಖ ತೋರಿಸೋಕೆ ನನ್ನ ಕೈಲಿ ಆಗಲ್ಲ ಮಿಯಾ" ಎಂದು ಮೆಲ್ಲಗೆ ಹೇಳಿದರು.

"ಎಡಗಾಲಾದ್ರೂ ಒತ್ತಿ ನೋಡು, ಬಲಗಾಲ್ಗೆ ಗಾಯ ಆಗೈತೆ" ಎಂದು ಗೌಡರು ಬೇಡಿಕೊಂಡರು. ಎಡಗಾಲು ಬಲಕ್ಕೆ ಬರಲು ಹಿಂದುಮುಂದಾಗಿ ಕೂರಬೇಕು ಎಂದು ಹೊಳೆದಾಗ ಅವರೇ ಹೋಗಿ ಗಾಯಕ್ಕೆ ಕಟ್ಟಲು ಬಟ್ಟೆ ತಂದರು. ಆಕೆ ಕೀ ಬಿಚ್ಚಿ ಕೊಟ್ಟು, ಬೊಬ್ಬೆಯ ಮೇಲೆ ಬಟ್ಟೆ ಕಟ್ಟಿಕೊಂಡು, ಅದರ ಮೇಲಿನ ಜಾಗ ಕವಚಕ್ಕೆ ತಾಗುವಂತೆ ಕೂತು ಹೊರಟರು. ಈ ಸಲ ಬಹಳ ಹೊತ್ತು ಬರಲೇ ಇಲ್ಲ. ಉಸ್ತಾದರು ತಸ್ಬಿ ಹಿಡಿದು ಮಣಿ ಎಣಿಸುತ್ತ ಕೂತರು.

ಬಂದವರೇ ಚಿಕ್ಕತಾಯಮ್ಮ ಕಾಲು ಮುಂದೆ ಚಾಚಿದರು. ಹೊಸದಾಗಿ ಏನೂ ಆಗಿರಲಿಲ್ಲ. "ಎರಡು ಕಡೆ ಬೇಕಂತಲೇ ನಿಲ್ಲಿಸ್ದೆ, ಎಂಜಿನ್ ಆಫ್ ಮಾಡ್ಸ್ದಲೆ. ಒಂದ್ ಕಡೆ ಒಂದು ಸಂಬಂಧಾನೂ ಮಾತಾಡುದ್ರು ಇವ್ರು. ಬೆಚ್ಚಗೂ ಇಲ್ಲ ಕಣಣ್ಣ."

ಉಸ್ತಾದರು ಟೋಪಿ ಸರಿಮಾಡಿಕೊಂಡು, "ನನಗೆ ಗೊತ್ತಿತ್ತು" ಅಂದರು. ನಾಳೆಯಿಂದಲೇ ಹಳೆಯ ಕವಚಗಳನ್ನೆಲ್ಲ ವಾಪಸ್ ತರಿಸಿ ಬಿಚ್ಚಿ ಕಟ್ಟಬೇಕು ಎಂದು ಅವರೇ ಹೇಳಿದರು, ಮದುಮಗನದು ಮೊದಲು. ಆಮೇಲಿನ ವರ್ಷಗಳಲ್ಲಿ ನಾನು ಹಾಕಿದ ಪ್ರತಿ ಕವಚವೂ ಚಿಕ್ಕತಾಯಮ್ಮನ ಕಾಲು ಪಾಸು ಮಾಡಿದ ಆ ಅಳತೆಯದೇ. ಈಗ ಕಂಪನಿಯವರೇ ಕವಚ ಕೂರಿಸಿ ಕಳಿಸುತ್ತಾರೆ, ನೀವು ಫೋನಿನಲ್ಲಿ ಆರ್ಡರ್ ಮಾಡಿಯೂ ತರಿಸುತ್ತೀರಿ. ತರಿಸಿ. ಆದರೆ ಗಿರಾಕಿ ತಣ್ಣಗಿದೆ ಎಂದರೆ ಅವನ ಕಾಲು ಎಂಥದು ಎಂದು ಒಂದು ಮಾತು ಕೇಳಿ.

ಅವತ್ತು ಸಂಜೆ ಅವರು ಊರಿಗೆ ಹೊರಟಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಪರೀಕ್ಷೆ ಮುಗಿದಿತ್ತು, ಇನ್ನು ಆಕೆ ಎಂದಿನಂತೆ ಎರಡು ಕಾಲೂ ಎಡಕ್ಕೆ ಹಾಕಿ ಕೂರಬಹುದಿತ್ತು. ಗೌಡರೂ ಹಾಗೇ ಹೇಳಿದರು. ಆಕೆ ಕೇಳಿಸಿಕೊಳ್ಳದವರಂತೆ ಸೀರೆ ಸಿಕ್ಕಿಸಿ, ಕಾಲೆತ್ತಿ ಹತ್ತಿ ಕೂತರು. ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಯಾರೋ ಕೈ ಎತ್ತಿದರು. ಗೌಡರು ಬೈಕ್ ನಿಲ್ಲಿಸಿ, ಬಲಗಾಲು ಊರಿ, ಮಾತಿಗೆ ಶುರುಮಾಡಿದರು. ಹೊತ್ತಾಯಿತು ಎಂದು ಆಕೆ ಅವಸರ ಮಾಡಲಿಲ್ಲ. ಅವರು ಎಷ್ಟು ಹೊತ್ತು ಮಾತಾಡಿದರೋ ಅಷ್ಟು ಹೊತ್ತೂ ತಮ್ಮ ಕಾಲನ್ನು ಗಂಡನ ಕಾಲಿನ ಪಕ್ಕ, ಅದೇ ತಗಡಿಗೆ ಒತ್ತಿಕೊಂಡು ಕೂತಿದ್ದರು.